ಏಸಿ ಆರಿಸಲು ಬಂದವನು

ಜಾಬ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ:
ಶುವೈಖ್, ಗ್ಯಾರೇಜು ಸಾಲು, ಹಳೆಯ ಟಯರ್ ಗೋಡೌನು.
ರಾತ್ರಿ ಎಂಟೂವರೆಗೆ ಏಸಿ ಆರಿಸುವುದು,
ಹೇಳಿದಾಗ ಹಾಕುವುದು.
ಆರಿಸುವುದಕ್ಕೂ ಒಬ್ಬ ಮೆಕ್ಯಾನಿಕ್ ಬೇಕೇ ಎಂದು ನಕ್ಕೆ.
ಓವರ್‌ಟೈಮು. ಯಾರು ಬಿಡುತ್ತಾರೆ.

ಜುಲೈ. ಕತ್ತಲಾದ ಮೇಲೂ ಹೊರಗೆ ನಲವತ್ತೆರಡು.

ಒಳಗೆ ಗುಜರಿ ಅಂಗಡಿ ಮಗುಚಿದ ಹಾಗಿತ್ತು.
ಲುಲ್ವಾ ಎಂಬ ಹುಡುಗಿ
ಅಜ್ಜನ ಗರ್ಗೂರನ್ನು, ಅಂದರೆ ತಂತಿಯ ಮೀನುಬೋನು,
ಆಳೆತ್ತರದ ಗುಮ್ಮಟ, ಸರಪಳಿಯಲ್ಲಿ ತೂಗುಬಿಟ್ಟು
ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದಳು.
ಬೆಹ್ರೂಜನ ಮುಂದೆ ತುಕ್ಕು ಹಿಡಿದ ನೀರಿನ ಟಾಂಕಿ,
ಅದರ ಮೇಲೆ ಬಿಗಿದ ಕ್ಲಚ್ ವಯರುಗಳು,
ಏಳಲ್ಲ, ಹನ್ನೊಂದು,
ದಾಯಾದಿಗಳಂತೆ ಒಂದಕ್ಕೊಂದು ಮಾತಿಲ್ಲ.
ಆರ್ನೆಲ್, ಮನಿಲಾದವನು, ಹಗಲು ಪ್ಲಂಬರ್,
ಪ್ಲಾಸ್ಟಿಕ್ ಪೈಪು ಉದ್ದ ಗಿಡ್ಡ ಕೊಯ್ದು ಕಟ್ಟಿ
ಅವುಗಳ ಬಾಯಿಗೆ ಹವಾಯಿ ಚಪ್ಪಲಿಯಲ್ಲಿ
ಹೊಡೆದು ನೋಡುತ್ತಿದ್ದ: ಭುಪ್. ಭುಪ್. ಭೋಪ್.

ಇದಕ್ಕೆ ಟಿಕೆಟ್ಟಂತೆ. ಮೂರು ದಿನಾರು.

ನಿನ್ನ ಯಂತ್ರ ಬರೀ ಗುಂಯ್ ಅನ್ನುತ್ತದೆ,
ನಮ್ಮ ಸಣ್ಣ ಸದ್ದನ್ನೆಲ್ಲ ತಿಂದುಹಾಕುತ್ತದೆ,
ಅಂದಳು ಲುಲ್ವಾ, ಅರ್ಧ ಹಿಂದಿ, ಅರ್ಧ ಕೈಸನ್ನೆ.
ಗುಂಯ್ ಅಂದರೆ ಒಂದೇ ಅಲ್ಲ ಮಾರಾಯ್ತಿ,
ಹತ್ತೊಂಬತ್ತು ವರ್ಷ ಅದರಲ್ಲೇ ಅನ್ನ ತಿಂದಿದ್ದೇನೆ.
ಬೇರಿಂಗು ಸವೆದರೆ ಒಂದು ಗುಂಯ್,
ಗ್ಯಾಸು ಇಳಿದರೆ ಇನ್ನೊಂದು,
ಫ್ಯಾನಿನೊಳಗೆ ಪಾರಿವಾಳ ಹೊಕ್ಕರೆ
ಅದು ಬೇಡ ಬಿಡು.
ಇದನ್ನೆಲ್ಲ ಹೇಳಲಿಲ್ಲ. ಸ್ವಿಚ್ಚು ಎಳೆದೆ.

ಬಂದದ್ದು ಮೌನವಲ್ಲ.
ಎಂಬತ್ತು ಜನರ ಉಸಿರು, ಕುರ್ಚಿಯ ಕಿರುಗು,
ರಸ್ತೆಯಾಚೆ ಯಾರೋ ಜಾಕು ಇಳಿಸುವ ಟಿಕಟಿಕ.
ಬೆಹ್ರೂಜ ಅದನ್ನೇ ತಾಳವೆಂದು ಹಿಡಿದ.
ಕಮಾನು ಗರ್ಗೂರನ್ನು ಮುಟ್ಟಿತು.
ಮೀನಿಗೆ ಒಳಗೆ ಹೋಗುವುದು ಸಲೀಸು,
ಹೊರಗೆ ಬರುವ ದಾರಿ ಕಾಣದು,
ಆ ಬೋನಿನ ಲೆಕ್ಕವೇ ಹಾಗೆ.
ಸದ್ದು ಮಾತ್ರ ಒಂದೊಂದು ಕಣ್ಣಿನಿಂದಲೂ
ನುಸುಳಿ ನುಸುಳಿ ಬರುತ್ತಿತ್ತು.

ಹತ್ತನೇ ನಿಮಿಷಕ್ಕೆ ಬೆನ್ನು ಒದ್ದೆ.
ಇಪ್ಪತ್ತಕ್ಕೆ ಮುಂದಿನ ಸಾಲಿನವರು ಕೋಟು ಕಳಚಿದರು.
ಸೆಕೆಗೆ ವಯರು ಹಿಗ್ಗುತ್ತದೆ, ಅಷ್ಟು ನನಗೆ ಗೊತ್ತು;
ಟಾಂಕಿಯ ಸ್ವರ ಕೂದಲೆಳೆಯಷ್ಟು ಇಳಿಯಿತು,
ಆಮೇಲೆ ಬೆರಳಷ್ಟು.
ಆರ್ನೆಲನ ಪೈಪುಗಳು ಬಿಸಿಗಾಳಿ ಕುಡಿದು
ಉಲ್ಟಾ ಮೇಲೇರಿದವು.
ಕೆಟ್ಟಿತು, ಅಂದುಕೊಂಡು ಅವರ ಮುಖ ನೋಡಿದೆ.
ಅವರು ಕಾದದ್ದೇ ಅದಕ್ಕೆ.

ಹನ್ನೆರಡನೇ ವಯಸ್ಸಿಗೆ, ಕಾಪುವಿನಲ್ಲಿ,
ಭಜನೆ ಮಂಡಳಿಯವರು ನನ್ನ ಬಾಯಿ ಮುಚ್ಚಿಸಿ
ಕೈಗೆ ತಾಳ ಕೊಟ್ಟರು.
ಎರಡು ವಾರಕ್ಕೆ ತಾಳವನ್ನೂ ಕಸಿದರು.
ಹೊರಗೆ ಕೂತು ಚಪ್ಪಲಿ ಕಾಯಿ ಅಂದರು.
ಇಲ್ಲಿ ಒಬ್ಬ ಚಪ್ಪಲಿಯನ್ನೇ ನುಡಿಸುತ್ತಿದ್ದಾನೆ,
ಎಂಬತ್ತು ಜನ ಬೆವರುತ್ತ ಕೇಳುತ್ತಿದ್ದಾರೆ.

ಲುಲ್ವಾ ಕಮಾನನ್ನು ನನ್ನ ಕಡೆ ತಿರುಗಿಸಿದಳು.
ಸ್ವಿಚ್ಚು ಮೇಲೆತ್ತಿದೆ. ಟಕ್. ಅಷ್ಟೇ.
ಕಂಪ್ರೆಸರು ಎದ್ದು ಬರಲು ಮೂರು ನಿಮಿಷ ಬೇಕು,
ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ.
ಮೂರು ಬೆರಳು ತೋರಿಸಿದೆ.
ಆರ್ನೆಲ್ ಅದನ್ನು ಎಣಿಕೆ ಎಂದುಕೊಂಡು
ಮೂರರ ನಡೆಗೆ ಇಳಿದುಬಿಟ್ಟ: ಭುಪ್-ಭುಪ್-ಭೋಪ್,
ಬೆಹ್ರೂಜ ಹಿಂದೆ, ಲುಲ್ವಾ ಹಿಂದೆ,
ನಾನು ತಡೆಯಲು ಕೈ ಎತ್ತಿದರೆ
ಇನ್ನೂ ಜೋರು.

ಆಮೇಲೆ ಬಂತು ಅದು, ತಾರಸಿಯಿಂದ,
ಮೊದಲು ಒಂದನೇ ಯುನಿಟ್ಟು, ನೀಟಾಗಿ,
ಹಿಂದೆಯೇ ಎರಡನೆಯದು,
ಬೇರಿಂಗು ಸವೆದು ಕೀರಲು ಗಂಟಲಲ್ಲಿ.
ನಾಚಿಕೆಯಾಯಿತು, ನನ್ನದೇ ಮಗು ಸಭೆಯಲ್ಲಿ ಕಿರುಚಿದ ಹಾಗೆ.
ಲುಲ್ವಾ ಕಣ್ಣು ಮುಚ್ಚಿ
ಕಮಾನನ್ನು ಮೆಲ್ಲಗೆ ಸರಿಸುತ್ತ ಸರಿಸುತ್ತ
ಆ ಕೀರಲಿನ ಪಕ್ಕಕ್ಕೆ ಬಂದು ನಿಂತಳು.

ಚಪ್ಪಾಳೆಯ ಹೊತ್ತಿಗೆ ನಾನು ಏಣಿಯ ಮೇಲಿದ್ದೆ.

ಜಾಬ್ ಕಾರ್ಡ್: ಯುನಿಟ್ ಎರಡು, ಬೇರಿಂಗ್ ಸದ್ದು ಇದೆ.
ಗುರುವಾರ ಇನ್ನೊಂದು ಆಟವಂತೆ.
ಅಲ್ಲಿಯ ತನಕ ಮುಟ್ಟಬಾರದು.
ಸಹಿ.